ಎಟಿಎಂ ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುತ್ತಾರೆಯೇ? 10,000 ಪಿನ್‌ಗಳ ಪಟ್ಟಿ ಹೇಳುವುದೇನು

ಎಟಿಎಂನಲ್ಲಿ ಕಳ್ಳರು ಬೆದರಿಸಿದರೆ ಪಿನ್ ಅನ್ನು ಉಲ್ಟಾ ಒತ್ತಿ, ಹಣವೂ ಬರುತ್ತದೆ, ಪೊಲೀಸರಿಗೂ ಸುದ್ದಿ ಹೋಗುತ್ತದೆ ಎನ್ನುವ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದು ಸುಳ್ಳು. ಉಲ್ಟಾ ಒತ್ತಿದ ಪಿನ್ ಅನ್ನು ಯಂತ್ರ ತಪ್ಪು ಪಿನ್ ಎಂದೇ ಪರಿಗಣಿಸುತ್ತದೆ. ಅಮೆರಿಕದಲ್ಲಿ 2009ರ ಕಾನೂನೊಂದರಂತೆ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪರಿಶೀಲಿಸಿತ್ತು. ಇಂಥ ತುರ್ತು ಪಿನ್ ವ್ಯವಸ್ಥೆ ಅಲ್ಲಿನ ಎಟಿಎಂಗಳಲ್ಲೂ ಜಾರಿಯಲ್ಲಿಲ್ಲ ಎಂದು 2010ರ ವರದಿಯಲ್ಲಿ ಹೇಳಿತು.

ಹಾಗಾದರೆ ಇಂಥ ವ್ಯವಸ್ಥೆಯನ್ನು ತಂದರೆ ಒಳ್ಳೆಯದಲ್ಲವೇ? ಉತ್ತರಕ್ಕೆ ಎಲ್ಲ ಪಿನ್‌ಗಳನ್ನೂ ಪಟ್ಟಿ ಮಾಡಿ ನೋಡೋಣ. ಇದಕ್ಕೆ ‘ಆರ್’ ಎಂಬ ಉಚಿತ ಪ್ರೋಗ್ರಾಮಿಂಗ್ ಭಾಷೆ ಸಾಕು. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ ಇದನ್ನು ಅಂಕಿಅಂಶಗಳ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುತ್ತಾರೆ.

ಪಟ್ಟಿ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಒಂದೇ ವಸ್ತು ಮತ್ತೆ ಬರಬಹುದೇ? ಕ್ರಮ ಬದಲಾದರೆ ಬೇರೆಯದೆಂದು ಲೆಕ್ಕವೇ?

ಬೇಕರಿಯ ಉದಾಹರಣೆ ನೋಡಿ. ಮೈಸೂರು ಪಾಕ್, ಪೇಡ, ಲಾಡು, ಈ ಮೂರು ಬಗೆಯಲ್ಲಿ ಎರಡು ಸಿಹಿ ಬೇಕು. ಎರಡೂ ಬೇರೆ ಬೇರೆ ಇರಲೇಬೇಕಾದರೆ 3 ಆಯ್ಕೆ. ಎರಡೂ ಪೇಡವೇ ಇರಬಹುದು ಎಂದಾದರೆ 6. ಮೊದಲು ಯಾವುದು ತಿನ್ನುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬಂದರೆ 9.

ಈಗ 0ಯಿಂದ 9ರವರೆಗಿನ ಅಂಕಿಗಳಲ್ಲಿ ನಾಲ್ಕನ್ನು ಆರಿಸೋಣ. ಆರ್‌ನಲ್ಲಿ ‘ಕಾಂಬ್‌ಎನ್’ ಎಂಬ ಆಜ್ಞೆ ಕೊಟ್ಟರೆ 210 ಗುಂಪುಗಳು ಸಿಗುತ್ತವೆ. ಇದರಲ್ಲಿ ಯಾವ ಅಂಕಿಯೂ ಮತ್ತೆ ಬರುವುದಿಲ್ಲ. ‘ಜಿಟೂಲ್ಸ್’ ಎಂಬ ಹೆಚ್ಚುವರಿ ಪ್ಯಾಕೇಜ್ ಹಾಕಿಕೊಂಡು, ಅದರ ‘ಕಾಂಬಿನೇಷನ್ಸ್’ ಆಜ್ಞೆಯಲ್ಲಿ ಪುನರಾವರ್ತನೆಗೆ ಅನುಮತಿ ಕೊಟ್ಟರೆ 715 ಆಗುತ್ತವೆ. ಆದರೆ ಇಲ್ಲಿ 1123 ಮತ್ತು 3211 ಒಂದೇ. ಎಟಿಎಂಗೆ ಅವೆರಡೂ ಬೇರೆ. ಆದ್ದರಿಂದ ನಮಗೆ ಬೇಕಾದ ಆಜ್ಞೆ ‘ಎಕ್ಸ್‌ಪ್ಯಾಂಡ್ ಡಾಟ್ ಗ್ರಿಡ್’. ಅದಕ್ಕೆ 0:9 ಎಂದು ನಾಲ್ಕು ಬಾರಿ ಕೊಟ್ಟರೆ 10,000 ಸಾಲುಗಳ ಕೋಷ್ಟಕ ಬರುತ್ತದೆ. ಸಾಧ್ಯವಿರುವ ಎಲ್ಲ ಪಿನ್‌ಗಳೂ ಅದರಲ್ಲಿವೆ.

ಈ ಕೋಷ್ಟಕವನ್ನು ಜಾಲಾಡಿದರೆ ಉಲ್ಟಾ ಪಿನ್ ಉಪಾಯದ ಬಂಡವಾಳ ಬಯಲಾಗುತ್ತದೆ. ಮೊದಲ ಮತ್ತು ಕೊನೆಯ ಅಂಕಿ ಒಂದೇ, ನಡುವಿನ ಎರಡೂ ಒಂದೇ ಆಗಿರುವ 100 ಪಿನ್‌ಗಳಿವೆ. 1221, 5005, 7777 ಇಂಥವು. ಇವನ್ನು ಉಲ್ಟಾ ಒತ್ತಿದರೂ ಅದೇ ಪಿನ್. ಪೊಲೀಸರನ್ನು ಕರೆಯುತ್ತಿದ್ದೀರೋ, ಮಾಮೂಲಿಯಾಗಿ ಹಣ ತೆಗೆಯುತ್ತಿದ್ದೀರೋ ಯಂತ್ರಕ್ಕೆ ಗೊತ್ತಾಗುವುದಾದರೂ ಹೇಗೆ?

ಇನ್ನೂ 900 ಪಿನ್‌ಗಳಲ್ಲಿ ತುದಿಯ ಅಂಕಿಗಳು ಒಂದೇ, ನಡುವಿನವು ಬೇರೆ ಬೇರೆ. ಉದಾಹರಣೆಗೆ 4274. ಇದರ ಉಲ್ಟಾ 4724. ಅವಸರದಲ್ಲಿ ನಡುವಿನ ಎರಡು ಅಂಕಿ ಅದಲುಬದಲಾದರೆ ಸಾಕು, ಕಾರಣವಿಲ್ಲದೆ ಪೊಲೀಸರಿಗೆ ಕರೆ ಹೋದಂತಾಗುತ್ತದೆ.

ಈ 1,000 ಪಿನ್‌ಗಳಲ್ಲೂ ಯಾವುದಾದರೂ ಅಂಕಿ ಮತ್ತೆ ಬಂದೇ ಬರುತ್ತದೆ. ಪುನರಾವರ್ತನೆ ಇಲ್ಲದ ಪಟ್ಟಿ ಹಿಡಿದು ಕೂತಿದ್ದರೆ ಇವು ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಮೆಸೇಜ್‌ನಲ್ಲಿ 1234ರಂಥ ಉದಾಹರಣೆ ಓದಿದಾಗ ನಮಗೆ ಆಗುವುದೂ ಅದೇ. ನಾಲ್ಕು ಬೇರೆ ಅಂಕಿಗಳ ಉದಾಹರಣೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈ ಮೆಸೇಜ್ ನಂಬುವುದು ಅಪಾಯಕಾರಿ. ಕಳ್ಳನ ಎದುರು ತಪ್ಪು ಪಿನ್ ಒತ್ತಿದರೆ ಹಣ ಬರುವುದಿಲ್ಲ, ಅವನ ಸಿಟ್ಟು ಹೆಚ್ಚಬಹುದು. ಪದೇ ಪದೇ ತಪ್ಪಾದರೆ ಕಾರ್ಡ್ ಕೂಡ ಬ್ಲಾಕ್ ಆಗುತ್ತದೆ. ಅಂಥ ಹೊತ್ತಿನಲ್ಲಿ ಹಣಕ್ಕಿಂತ ಜೀವ ಮುಖ್ಯ. ಸುರಕ್ಷಿತ ಜಾಗಕ್ಕೆ ಬಂದ ಕೂಡಲೇ 112ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ.

ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ, ಕಳುಹಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಪಿನ್ 1221 ಆಗಿದ್ದರೆ ಏನು ಮಾಡಬೇಕು?