ಬಾಡಿಗೆಯ ಮನೆಯೂ ದುರಸ್ತಿಯ ಹೊಣೆಯೂ

ಮನೆಯನ್ನು ಸಂಪಾದಿಸುವುದಕ್ಕಿಂತ ಸಂಪಾದಿಸಿದ ಮನೆಯನ್ನು ಕಾಪಾಡುವುದು ಕಷ್ಟವೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ನಮ್ಮ ಹಿರಿಯರು ಇವೆರಡನ್ನೂ ‘ಯೋಗಕ್ಷೇಮ’ವೆಂಬ ಒಂದೇ ಮಾತಿನಲ್ಲಿ ಅಡಗಿಸಿಟ್ಟರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಮನೆಯಲ್ಲಿ ಬೇರೆಯವರು ವಾಸವಾಗಿದ್ದು, ಒಡೆಯನು ಮತ್ತೊಂದೂರಿನಲ್ಲಿದ್ದರಂತೂ ಈ ಕ್ಷೇಮಕಾರ್ಯವು ಇಮ್ಮಡಿ ದುಷ್ಕರವಾಗುವುದು.

ಈಗ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿ, ಅಲ್ಲಿ ಮನೆಯನ್ನು ಕೊಂಡು, ಉದ್ಯೋಗನಿಮಿತ್ತವಾಗಿ ಬೇರೆ ಊರಿಗೆ ಹೋಗುವಾಗ ಅದನ್ನು ಬಾಡಿಗೆಗೆ ಕೊಡುವುದುಂಟು. ಆಗ ‘ಹೋಮ್ ವಾರಂಟಿ’ ಎಂಬುದನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಯು ಹುಟ್ಟುತ್ತದೆ. ಈ ತಿಂಗಳು ಅದನ್ನೇ ವಿಚಾರಿಸೋಣ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಇದು ವಿಮೆಯಲ್ಲ. ಬೆಂಕಿ, ಬಿರುಗಾಳಿ, ಕಳವು ಮುಂತಾದ ಆಕಸ್ಮಿಕಗಳಿಗೆ ವಿಮೆ. ಬಳಸಿ ಬಳಸಿ ಸವೆದು ಕೆಟ್ಟುಹೋಗುವ ಪದಾರ್ಥಗಳಿಗೆ ಹೋಮ್ ವಾರಂಟಿ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸು, ನೀರು ಕಾಯಿಸುವ ಹೀಟರು, ಏರ್‌ಕಂಡೀಷನರು, ನೀರಿನ ಕೊಳಾಯಿಗಳು, ವಿದ್ಯುತ್ ತಂತಿ, ಒಲೆ, ಫ್ರಿಜ್ಜು ಇವು ಅದರ ವ್ಯಾಪ್ತಿಗೆ ಸೇರುವ ಪದಾರ್ಥಗಳು. ಒಡೆಯನು ವರ್ಷಕ್ಕಿಷ್ಟೆಂದು ಹಣ ಕಟ್ಟುತ್ತಾನೆ. ಏನಾದರೂ ಕೆಟ್ಟಾಗ ಕಂಪೆನಿಯು ತನ್ನ ಕೆಲಸಗಾರನನ್ನು ಕಳುಹಿಸುತ್ತದೆ. ಅವನು ಬಂದುದಕ್ಕೆ ಪ್ರತಿಸಲವೂ ಬೇರೆ ಶುಲ್ಕವುಂಟು. 1971ರಲ್ಲಿ ಅಮೆರಿಕನ್ ಹೋಮ್ ಶೀಲ್ಡ್ ಎಂಬ ಕಂಪೆನಿಯು ಈ ವ್ಯಾಪಾರವನ್ನು ಆರಂಭಿಸಿತು. ಈಗ ಇಂತಹ ಕಂಪೆನಿಗಳು ಅಲ್ಲಿ ಹಲವು ಇವೆ.

ಇನ್ನು ಧರ್ಮದ ಮಾತು. ಹಣ ಕೊಟ್ಟು ಕೊಳ್ಳುವ ವಾರಂಟಿಯ ಹಿಂದೆ, ಕೊಳ್ಳದೆಯೇ ಒಡೆಯನ ತಲೆಯ ಮೇಲಿರುವ ಮತ್ತೊಂದು ವಾರಂಟಿಯಿದೆ. 1970ರಲ್ಲಿ ವಾಷಿಂಗ್ಟನ್ ನಗರದ ಮೇಲ್ಮನವಿ ನ್ಯಾಯಸ್ಥಾನವು ಜಾವಿನ್ಸ್ ಎಂಬ ಪ್ರಸಿದ್ಧ ಮೊಕದ್ದಮೆಯಲ್ಲಿ, ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟವನು ಅದನ್ನು ವಾಸಯೋಗ್ಯವಾಗಿ ಇಡುವೆನೆಂದು ಬಾಯಿಬಿಟ್ಟು ಹೇಳದಿದ್ದರೂ ಮಾತು ಕೊಟ್ಟಂತೆಯೇ ಎಂದು ತೀರ್ಮಾನಿಸಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಉಚ್ಚತಮ ನ್ಯಾಯಸ್ಥಾನವೂ ಇದನ್ನೇ ಎತ್ತಿಹಿಡಿಯಿತು. ಆ ಸಂಸ್ಥಾನದ ಕಾನೂನಿನಂತೆ ಬಿಸಿನೀರು, ತಣ್ಣೀರು, ಮನೆಯನ್ನು ಬೆಚ್ಚಗಿಡುವ ಸಾಧನ, ಸೋರದ ಮಾಡು, ನೆಟ್ಟಗಿರುವ ವಿದ್ಯುತ್ ತಂತಿ ಇವೆಲ್ಲವೂ ವಾಸಯೋಗ್ಯತೆಯ ಲಕ್ಷಣಗಳು.

ಇದರಿಂದ ಏನಾಯಿತೆಂದರೆ, ಹಿಮ ಬೀಳುವ ಊರಿನಲ್ಲಿ ಪುಷ್ಯಮಾಸದ ರಾತ್ರಿ ಫರ್ನೇಸು ನಿಂತಿತೆನ್ನಿ. ಮನೆಯಲ್ಲಿ ಎಳೆಯ ಮಗುವಿದೆ. ಕಂಪೆನಿಯವರು ‘ನಾಲ್ಕು ದಿನ ಬಿಟ್ಟು ಬರುತ್ತೇವೆ’ ಎನ್ನುತ್ತಾರೆ. ಆ ನಾಲ್ಕು ದಿನಗಳಿಗೆ ಉತ್ತರವಾದಿಯು ಕಂಪೆನಿಯೂ ಅಲ್ಲ, ಕೆಲಸಗಾರನೂ ಅಲ್ಲ, ಮನೆಯ ಒಡೆಯನೇ. ಆತನು ಕೊಂಡಿರುವುದು ಖರ್ಚಿನ ಒಂದಂಶವನ್ನು ಹೊರುವ ಹೆಗಲನ್ನಲ್ಲದೆ ತನ್ನ ಕರ್ತವ್ಯದಿಂದ ಬಿಡುಗಡೆಯನ್ನಲ್ಲ.

ಲೆಕ್ಕವನ್ನೂ ನೋಡೋಣ. ವರ್ಷಕ್ಕೆ 600 ಡಾಲರು, ಬಂದುದಕ್ಕೆ 100 ಡಾಲರು, ವರ್ಷಕ್ಕೆ ಮೂರು ಸಲ ಕರೆ ಎಂದಿಟ್ಟುಕೊಂಡರೆ, ವೆಚ್ಚ 900 ಡಾಲರು; ಐದು ವರ್ಷಕ್ಕೆ 4,500. ಕಂಪೆನಿಯು ಈ ಹಣದಿಂದಲೇ ಕೆಲಸಗಾರರಿಗೆ ಕೂಲಿ, ಗುಮಾಸ್ತರಿಗೆ ಸಂಬಳ, ಜಾಹೀರಾತು, ಲಾಭ ಎಲ್ಲವನ್ನೂ ತೆಗೆಯಬೇಕು. ಆದಕಾರಣ ಕೊಂಡವರೆಲ್ಲರನ್ನೂ ಒಟ್ಟುಗೂಡಿಸಿ ನೋಡಿದರೆ, ಅವರಿಗೆ ಮರಳಿ ಬರುವುದು ಅವರು ಕೊಟ್ಟುದಕ್ಕಿಂತ ಕಡಮೆಯಾಗಿರಲೇಬೇಕು. ಅದರ ಮೇಲೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಪ್ರತಿಬಂಧಗಳಿರುತ್ತವೆ: ಮೊದಲೇ ಇದ್ದ ದೋಷಕ್ಕೆ ಹಣವಿಲ್ಲ, ಸರಿಯಾಗಿ ನೋಡಿಕೊಳ್ಳದ ಯಂತ್ರಕ್ಕೆ ಹಣವಿಲ್ಲ, ಒಂದೊಂದು ಪದಾರ್ಥಕ್ಕೂ ಇಷ್ಟೇ ಎಂಬ ಮಿತಿಯುಂಟು. ಇದರ ಖರ್ಚನ್ನು ಬಾಡಿಗೆಯ ಆದಾಯದಿಂದ ಕಳೆದು ತೆರಿಗೆ ಕಟ್ಟಬಹುದಲ್ಲವೆ ಎನ್ನುವವರಿದ್ದಾರೆ. ಕೈಯಿಂದ ಮಾಡಿಸಿದ ದುರಸ್ತಿಯ ಖರ್ಚನ್ನೂ ಹಾಗೆಯೇ ಕಳೆಯಬಹುದಾದ್ದರಿಂದ ಆ ವಾದದಲ್ಲಿ ಹುರುಳಿಲ್ಲ.

ಹಾಗಾದರೆ ಯಾರೂ ಕೊಳ್ಳಬಾರದೆ? ಹಾಗೆನ್ನಲಾಗದು. ಮನೆ ಕೊಳ್ಳುವುದರಲ್ಲಿಯೇ ಕೂಡಿಟ್ಟ ಹಣವೆಲ್ಲ ಕರಗಿ, ಒಂದು ದೊಡ್ಡ ದುರಸ್ತಿ ಬಂದರೆ ಸಾಲ ಮಾಡಬೇಕಾದವನಿಗೂ, ಸಾವಿರ ಮೈಲಿ ದೂರದಲ್ಲಿದ್ದು ಆ ಊರಿನಲ್ಲಿ ನಂಬಿಕೆಯ ಒಬ್ಬ ಕೆಲಸಗಾರನನ್ನೂ ಅರಿಯದವನಿಗೂ ಒಂದೆರಡು ವರ್ಷ ಇದು ಊರುಗೋಲಾದೀತು. ಅಂತಹವನು ಸಹಿ ಹಾಕುವ ಮೊದಲು ಬಾಡಿಗೆಯ ಮನೆಗೂ ಕರಾರು ಅನ್ವಯಿಸುವುದೆ, ಬಾಡಿಗೆಗಿರುವವರೇ ನೇರವಾಗಿ ಕರೆಯಬಹುದೆ, ಬಂದುದರ ಶುಲ್ಕವನ್ನು ಕೊಡುವವರಾರು, ಹೊತ್ತಿಗೆ ಬಾರದಿದ್ದರೆ ಹೊರಗಿನವನಿಂದ ಮಾಡಿಸಿ ಹಣ ಪಡೆಯಬಹುದೆ ಎಂಬ ನಾಲ್ಕನ್ನು ಕೇಳಿ ಬರೆಯಿಸಿಕೊಳ್ಳಬೇಕು. ಉಳಿದವರು ಪ್ರತಿವರ್ಷ ಒಂದು ತಿಂಗಳ ಬಾಡಿಗೆಯನ್ನು ಬೇರೆಯಾಗಿ ತೆಗೆದಿಟ್ಟು, ಆ ಊರಿನ ಒಬ್ಬ ಒಳ್ಳೆಯ ಕೆಲಸಗಾರನನ್ನು ಗೊತ್ತುಮಾಡಿಕೊಳ್ಳುವುದು ಲೇಸು. ದುರಸ್ತಿ ಬಾರದ ವರ್ಷದ ಹಣವು ತಮ್ಮಲ್ಲಿಯೇ ಉಳಿಯುತ್ತದೆ.

ನಮ್ಮ ನಾಡಿನ ಮನೆಯೊಡೆಯರಿಗೂ ಇದರಲ್ಲಿ ಪಾಠವಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಒಡೆಯನು ತಾನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆಗಿರುವವನು ತಾನೇ ಮಾಡಿಸಿ, ಆ ಹಣವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಹಿಡಿಯಬಹುದು. 2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ಕೆಲಸಗಳನ್ನೇ ಹಂಚಿಕೊಟ್ಟಿದೆ: ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳಾಯಿ ಮತ್ತು ತಂತಿಗಳ ಬದಲಾವಣೆ ಒಡೆಯನದು, ನಲ್ಲಿಯ ವಾಷರು, ಚರಂಡಿಯ ಶುದ್ಧಿ, ಗೀಸರು, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಬಾಡಿಗೆಗಿರುವವನವು. ನಮ್ಮಲ್ಲಿ ಜಗಳಗಳು ಹುಟ್ಟುವುದು ಹೆಚ್ಚಾಗಿ ಸಂಪಿನ ಮೋಟಾರಿನಿಂದ, ಗೀಸರಿನಿಂದ. ಕಡೆಗೆ ಮುಂಗಡದ ಹಣವನ್ನು ಹಿಂದಿರುಗಿಸುವ ದಿನ ಅವು ಹೊರಬೀಳುತ್ತವೆ. ಇಂತಹದೊಂದು ಪಟ್ಟಿಯನ್ನು ಕರಾರುಪತ್ರಕ್ಕೆ ಸೇರಿಸಿ, ಇಬ್ಬರೂ ಸಹಿ ಹಾಕಿದರೆ ಅರ್ಧ ವ್ಯಾಜ್ಯ ತಪ್ಪುತ್ತದೆ.

ಬಾಡಿಗೆಯೆಂಬುದು ಗೋಡೆಗಳಿಗೆ ಬರುವ ಹಣವಲ್ಲ. ಒಂದು ಸಂಸಾರವು ನೆಮ್ಮದಿಯಾಗಿ ಬಾಳಲು ಅನುಕೂಲ ಮಾಡಿಕೊಟ್ಟುದಕ್ಕೆ ಬರುವ ಹಣ. ಮಕ್ಕಳು ಕಾಗದ ಬರೆದು ಅಥವಾ ಫೋನು ಮಾಡಿ ಈ ವಿಷಯವನ್ನು ಕೇಳಿದಾಗ, ವಾರಂಟಿಯ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ರಾತ್ರಿ ಹತ್ತು ಗಂಟೆಗೆ ನೀರು ಸೋರಿದರೆ ಬಾಡಿಗೆಗಿರುವವರು ಯಾರನ್ನು ಕರೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವಂತೆ ವಾಚಕರು ಅವರಿಗೆ ತಿಳಿಯಹೇಳಬೇಕೆಂದು ನಮ್ಮ ಅಭಿಪ್ರಾಯ.