ಯೂನಿಟಿ ಶುಲ್ಕ ಹೋಯಿತು, ಅಪನಂಬಿಕೆ ಉಳಿಯಿತು

ವಿಡಿಯೊ ಗೇಮ್ ತಯಾರಿಕೆಗೆ ಜಗತ್ತಿನಾದ್ಯಂತ ಬಳಕೆಯಾಗುವ ತಂತ್ರಾಂಶ ಯೂನಿಟಿ. ಅದರ ಒಡೆತನ ಹೊಂದಿರುವ ಕಂಪನಿಯು 2023ರ ಸೆಪ್ಟೆಂಬರ್ 12ರಂದು 'ರನ್‌ಟೈಮ್ ಫೀ' ಎಂಬ ಹೊಸ ಶುಲ್ಕವನ್ನು ಪ್ರಕಟಿಸಿತು. ಸರಿಯಾಗಿ ಒಂದು ವರ್ಷದ ಬಳಿಕ, 2024ರ ಸೆಪ್ಟೆಂಬರ್ 12ರಂದು, ಗೇಮ್ ತಯಾರಕರ ಮೇಲಿನ ಆ ಶುಲ್ಕವನ್ನು ಸಂಪೂರ್ಣವಾಗಿ ರದ್ದುಪಡಿಸಿತು. ಶುಲ್ಕವೇನೋ ಹೋಯಿತು. ಆದರೆ ಅದು ಎಬ್ಬಿಸಿದ ಪ್ರಶ್ನೆಗಳು ಇಂದಿಗೂ ಸಣ್ಣ ಗೇಮ್ ತಯಾರಕರನ್ನು ಕಾಡುತ್ತಿವೆ.

ಗೇಮ್ ಎಂಜಿನ್ ಎಂದರೆ ಆಟವೊಂದರ ಅಡಿಪಾಯ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಚೆಂಡು ನೆಲಕ್ಕೆ ಬಡಿದು ಪುಟಿಯುವಂತೆ ಮಾಡುವುದು, ಸದ್ದು ಹೊರಡಿಸುವುದು, ಒಂದೇ ಆಟವನ್ನು ಮೊಬೈಲ್‌ನಲ್ಲೂ ಕಂಪ್ಯೂಟರ್‌ನಲ್ಲೂ ಓಡಿಸುವುದು, ಇವೆಲ್ಲ ಎಂಜಿನ್ನಿನ ಕೆಲಸ. ಇಬ್ಬರು ಮೂವರ ತಂಡಕ್ಕೆ ಇವನ್ನೆಲ್ಲ ಮೊದಲಿನಿಂದ ಬರೆದುಕೊಳ್ಳಲು ಸಮಯವೂ ಇಲ್ಲ, ಬಂಡವಾಳವೂ ಇಲ್ಲ. ಆದ್ದರಿಂದ ಅವರು ಸಿದ್ಧ ಎಂಜಿನ್ ಒಂದನ್ನು ಪರವಾನಗಿಯ ಮೇಲೆ ಪಡೆದು, ಅದರ ಮೇಲೆ ತಮ್ಮ ಆಟವನ್ನು ಕಟ್ಟುತ್ತಾರೆ. ಇದು ಬಾಡಿಗೆ ನೆಲದ ಮೇಲೆ ಸ್ವಂತ ಮನೆ ಕಟ್ಟಿದಂತೆ. ಮನೆ ನಮ್ಮದೇ, ನೆಲದ ಕರಾರು ಮಾತ್ರ ಇನ್ನೊಬ್ಬರ ಕೈಯಲ್ಲಿ.

ಲೆಕ್ಕ ತಪ್ಪಿದ ಶುಲ್ಕ

2005ರಲ್ಲಿ ಮಾರುಕಟ್ಟೆಗೆ ಬಂದ ಯೂನಿಟಿ ಬೆಳೆದದ್ದೇ ಸಣ್ಣ ತಯಾರಕರ ಬಲದಿಂದ. ಆದಾಯ ಕಡಿಮೆಯಿದ್ದವರಿಗೆ ಉಚಿತ, ಹೆಚ್ಚಿದ್ದವರಿಗೆ ತಲಾವಾರು ವಾರ್ಷಿಕ ಚಂದಾ, ಮಾರಾಟದಲ್ಲಿ ಪಾಲು ಕೇಳುವುದಿಲ್ಲ ಎಂಬುದು ಅದರ ಆಕರ್ಷಣೆಯಾಗಿತ್ತು. 2020ರಲ್ಲಿ ಷೇರುಪೇಟೆ ಪ್ರವೇಶಿಸಿದ ಬಳಿಕವೂ ಕಂಪನಿ ನಷ್ಟದಲ್ಲೇ ಇತ್ತು. ವರಮಾನ ಹೆಚ್ಚಿಸಿಕೊಳ್ಳುವ ಒತ್ತಡವಿದ್ದುದು ಸಹಜ. ಆದರೆ ಅದು ಹಿಡಿದ ದಾರಿ ವಿಚಿತ್ರವಾಗಿತ್ತು.

ಆಟವೊಂದು ಹನ್ನೆರಡು ತಿಂಗಳಲ್ಲಿ 2 ಲಕ್ಷ ಡಾಲರ್ ಆದಾಯ ಹಾಗೂ ಒಟ್ಟು 2 ಲಕ್ಷ ಇನ್‌ಸ್ಟಾಲ್‌ಗಳ ಮಿತಿ ದಾಟಿದರೆ, ಬಳಿಕದ ಪ್ರತಿ ಹೊಸ ಇನ್‌ಸ್ಟಾಲ್‌ಗೆ 20 ಸೆಂಟ್ ತೆರಬೇಕೆಂದು ಮೂಲ ಯೋಜನೆ ಹೇಳಿತು. ಅಂದಿನ ದರದಲ್ಲಿ ಇದು 16 ರೂಪಾಯಿಗೂ ಹೆಚ್ಚು. ಶ್ರೀಮಂತ ದೇಶಗಳ ಪಟ್ಟಿಯ ಹೊರಗಿದ್ದ ಭಾರತದಂತಹ ಮಾರುಕಟ್ಟೆಗಳಲ್ಲಿ ದರ 2 ಸೆಂಟ್. ದುಬಾರಿ ಚಂದಾ ಪಡೆದವರಿಗೆ ಮಿತಿ 10 ಲಕ್ಷಕ್ಕೆ ಏರುತ್ತಿತ್ತು.

ತೊಡಕಿದ್ದುದು ಶುಲ್ಕದ ಮೊತ್ತದಲ್ಲಿ ಅಲ್ಲ, ಅದರ ತಳಹದಿಯಲ್ಲಿ. ಉಚಿತವಾಗಿ ಹಂಚಿ ಜಾಹೀರಾತಿನಿಂದ ಗಳಿಸುವ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 50 ಲಕ್ಷ ಇನ್‌ಸ್ಟಾಲ್‌ಗಳಿಂದ 2 ಲಕ್ಷ ಡಾಲರ್ ಬಂದರೆ ತಲಾ ಗಳಿಕೆ ಕೇವಲ 4 ಸೆಂಟ್. ಅದರ ಮೇಲೆ 20 ಸೆಂಟ್ ಶುಲ್ಕವೆಂದರೆ ಆಟ ಜನಪ್ರಿಯವಾದಷ್ಟೂ ನಷ್ಟ ಹೆಚ್ಚು. 2 ಸೆಂಟ್ ದರದಲ್ಲೂ ಗಳಿಕೆಯ ಅರ್ಧ ಭಾಗ ಕೈಬಿಡುತ್ತಿತ್ತು. ಆದಾಯ ಬಂದರೆ ಪಾಲು ಕೊಡುವುದು ವ್ಯಾಪಾರ. ಆದಾಯಕ್ಕೂ ತನಗೂ ಸಂಬಂಧವಿಲ್ಲದಂತೆ ಎಣಿಸುವ ಶುಲ್ಕಕ್ಕೆ ಯಾವ ತಯಾರಕನೂ ಮುಂಗಡಪತ್ರ ಹಾಕಲಾರ.

ಇದಕ್ಕಿಂತ ಗಂಭೀರವಾದದ್ದು, ಆಗಲೇ ಮಾರುಕಟ್ಟೆಯಲ್ಲಿದ್ದ ಆಟಗಳಿಗೂ ಹೊಸ ನಿಯಮ ಅನ್ವಯವಾಗುತ್ತದೆ ಎಂಬ ಘೋಷಣೆ. 2019ರ ಆರಂಭದಲ್ಲಿ ಬ್ರಿಟನ್ನಿನ ಇಂಪ್ರಾಬಬಲ್ ಕಂಪನಿಯೊಡನೆ ವಿವಾದವೆದ್ದಾಗ, ಬಳಸುತ್ತಿರುವ ಆವೃತ್ತಿಯ ಹಳೆಯ ಷರತ್ತುಗಳಲ್ಲೇ ಮುಂದುವರಿಯುವ ಹಕ್ಕು ತಯಾರಕರಿಗಿದೆ ಎಂದು ಯೂನಿಟಿ ಭರವಸೆ ನೀಡಿತ್ತು. 2023ರ ವೇಳೆಗೆ ಷರತ್ತುಗಳಿಂದ ಆ ಭರವಸೆ ಮಾಯವಾಗಿತ್ತು. ಅನೇಕರಿಗೆ ಇದು ತಿಳಿದದ್ದು ಶುಲ್ಕದ ಸುದ್ದಿ ಬಂದ ಮೇಲೆಯೇ.

ಪ್ರತಿಭಟನೆ ಭುಗಿಲೆದ್ದಿತು. ಹತ್ತೇ ದಿನದಲ್ಲಿ ಕಂಪನಿ ಕ್ಷಮೆ ಕೋರಿ ಷರತ್ತು ಸಡಿಲಿಸಿತು. ಉಚಿತ ಆವೃತ್ತಿಗೆ ಶುಲ್ಕವಿಲ್ಲ, ಹಳೆಯ ಆವೃತ್ತಿಗಳಿಗೆ ಅನ್ವಯವಿಲ್ಲ, ಗರಿಷ್ಠ ಹೊರೆ ಆದಾಯದ ಶೇ. 2.5 ಎಂದಿತು. ಅಕ್ಟೋಬರ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕ ಜಾನ್ ರಿಕ್ಕಿಟಿಯೆಲ್ಲೊ ಹುದ್ದೆ ತೊರೆದರು. ಅಂತಿಮವಾಗಿ ಮ್ಯಾಥ್ಯೂ ಬ್ರಾಂಬರ್ಗ್ ನೇತೃತ್ವದಲ್ಲಿ ಶುಲ್ಕವೇ ರದ್ದಾಯಿತು. ಬದಲಿಗೆ ಪ್ರೊ ಚಂದಾ ಶೇ. 8ರಷ್ಟು ಏರಿ, 2025ರ ಜನವರಿಯಿಂದ ತಲಾ 2,200 ಡಾಲರ್ ಆಯಿತು. ಅಂದರೆ ಸುಮಾರು 1.85 ಲಕ್ಷ ರೂಪಾಯಿ. ಬೆಲೆ ಏರಿದರೂ ಗದ್ದಲವಾಗಲಿಲ್ಲ. ತಯಾರಕರು ವಿರೋಧಿಸಿದ್ದು ಹಣ ಕೊಡುವುದನ್ನಲ್ಲ, ಆಟದ ನಡುವೆ ನಿಯಮ ಬದಲಿಸುವುದನ್ನು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪರ್ಯಾಯಗಳ ತೂಕ

ಯೂನಿಟಿಯ ಪ್ರಮುಖ ಪ್ರತಿಸ್ಪರ್ಧಿ ಎಪಿಕ್ ಗೇಮ್ಸ್‌ನ ಅನ್‌ರಿಯಲ್ ಎಂಜಿನ್. 2014ರಲ್ಲಿ ತಿಂಗಳಿಗೆ 19 ಡಾಲರ್ ಚಂದಾ ಹಾಗೂ ಶೇ. 5ರ ರಾಯಧನ ಕೇಳುತ್ತಿದ್ದ ಅದು, 2015ರಲ್ಲಿ ಚಂದಾ ಕೈಬಿಟ್ಟಿತು. 2020ರಿಂದ ಆಟವೊಂದರ ಮೊದಲ 10 ಲಕ್ಷ ಡಾಲರ್ ವಹಿವಾಟಿಗೆ ರಾಯಧನವೂ ಇಲ್ಲ. ಷರತ್ತು ಬದಲಾದರೆ ಅದನ್ನು ಒಪ್ಪದೆ, ಕೈಯಲ್ಲಿರುವ ಆವೃತ್ತಿಯನ್ನು ಹಳೆಯ ಕರಾರಿನಲ್ಲೇ ಬಳಸಬಹುದು ಎಂಬ ಮಾತು ಅದರ ಪರವಾನಗಿಯಲ್ಲೇ ಇದೆ. ನೆದರ್ಲೆಂಡ್ಸ್ ಮೂಲದ ಗೇಮ್‌ಮೇಕರ್ ತಂತ್ರಾಂಶ ಇನ್ನೂ ಸರಳ ದಾರಿ ಹಿಡಿಯಿತು. 2023ರ ನವೆಂಬರ್‌ನಲ್ಲಿ ಅದು ವಾಣಿಜ್ಯೇತರ ಬಳಕೆಯನ್ನು ಉಚಿತಗೊಳಿಸಿ, ವಾಣಿಜ್ಯ ಬಳಕೆಗೆ ಒಂದೇ ಸಲ 99.99 ಡಾಲರ್ ಪಡೆಯುವ ಪದ್ಧತಿ ತಂದಿತು.

ಯೂನಿಟಿ ವಿವಾದದಿಂದ ಹೆಚ್ಚು ಲಾಭ ಪಡೆದದ್ದು ಮಾತ್ರ ಗೊಡೊ. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್‌ಸ್ಕಿ ಮತ್ತು ಆರಿಯೆಲ್ ಮಂಝೂರ್ ರೂಪಿಸಿದ ಈ ಎಂಜಿನ್ 2014ರಲ್ಲಿ ಎಂಐಟಿ ಪರವಾನಗಿಯಡಿ ಮುಕ್ತವಾಯಿತು. ಚಂದಾ ಇಲ್ಲ, ರಾಯಧನವಿಲ್ಲ, ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು. ವಿವಾದದ ದಿನಗಳಲ್ಲೇ 'ಟೆರಾರಿಯಾ' ಆಟದ ತಯಾರಕ ರೀ-ಲಾಜಿಕ್ ಸಂಸ್ಥೆ ಗೊಡೊಗೆ 1 ಲಕ್ಷ ಡಾಲರ್ ದೇಣಿಗೆ ನೀಡಿತು. 'ಸ್ಲೇ ದ ಸ್ಪೈರ್' ಖ್ಯಾತಿಯ ಮೆಗಾ ಕ್ರಿಟ್, ತನ್ನ ಮುಂದಿನ ಭಾಗಕ್ಕೆ ಯೂನಿಟಿಯನ್ನು ತೊರೆದು ಗೊಡೊ ಆರಿಸಿಕೊಂಡಿತು.

ಒಳಗೆ ಕೈಯಾಡಿಸುವ ಹಕ್ಕು

ಬೆಲೆಪಟ್ಟಿಯಲ್ಲಿ ಕಾಣದ ಇನ್ನೊಂದು ಅಂಶವಿದೆ. ಎಂಜಿನ್‌ನಲ್ಲಿ ದೋಷ ಕಂಡಾಗ, ಅಥವಾ ಇಲ್ಲದ ಸೌಲಭ್ಯ ಬೇಕಾದಾಗ ತಯಾರಕನೇ ಅದನ್ನು ಸರಿಪಡಿಸಬಲ್ಲನೇ? ಯೂನಿಟಿಯ ಸಂಪಾದಕಕ್ಕೆ ಹೊಸ ಉಪಕರಣಗಳನ್ನು ಸೇರಿಸುವುದು ಸುಲಭ. ಅದರ ಅಸೆಟ್ ಸ್ಟೋರ್‌ನಲ್ಲಿ ಸಿದ್ಧ ಸಾಮಗ್ರಿಯೂ ಹೇರಳ. ಆದರೆ ಎಂಜಿನ್ನಿನ ತಿರುಳಾದ ಸಿ++ ಮೂಲ ಕೋಡ್ ಸಾಮಾನ್ಯ ಪರವಾನಗಿಯಲ್ಲಿ ದೊರೆಯುವುದಿಲ್ಲ. ಅನ್‌ರಿಯಲ್ ತನ್ನ ಮೂಲ ಕೋಡನ್ನು ನೋಂದಾಯಿತ ಬಳಕೆದಾರರಿಗೆ ತೆರೆದಿಟ್ಟಿದೆ. ತಿದ್ದಿಕೊಳ್ಳಬಹುದು, ಆದರೆ ಎಪಿಕ್‌ನ ಕರಾರಿನ ಒಳಗೇ. ಗೊಡೊದಲ್ಲಿ ತಿರುಳನ್ನೇ ಬದಲಿಸಬಹುದು. 2023ರ ನಾಲ್ಕನೇ ಆವೃತ್ತಿಯಲ್ಲಿ ಬಂದ ಜಿಡಿಎಕ್ಸ್‌ಟೆನ್ಷನ್ ಸೌಲಭ್ಯದಿಂದ, ಇಡೀ ಎಂಜಿನ್ನನ್ನು ಮತ್ತೆ ಕಂಪೈಲ್ ಮಾಡದೆಯೇ ಹೊಸ ಭಾಗಗಳನ್ನು ಜೋಡಿಸಬಹುದು.

ಹಾಗೆಂದು ಮುಕ್ತ ತಂತ್ರಾಂಶ ಎಲ್ಲಕ್ಕೂ ಮದ್ದಲ್ಲ. ಸೋನಿ, ನಿಂಟೆಂಡೊಗಳಂತಹ ಕನ್ಸೋಲ್ ಕಂಪನಿಗಳ ತಾಂತ್ರಿಕ ವಿವರಗಳು ಗೋಪ್ಯತೆಯ ಕರಾರಿಗೆ ಒಳಪಟ್ಟಿರುವುದರಿಂದ, ಆ ಯಂತ್ರಗಳಿಗೆ ಬೇಕಾದ ಕೋಡ್ ಮುಕ್ತ ಯೋಜನೆಯೊಳಗೆ ಸೇರಲಾರದು. ಗೊಡೊ ಬಳಸುವವರು ಅದಕ್ಕಾಗಿ ಬೇರೆ ಸಂಸ್ಥೆಗಳ ನೆರವು ಪಡೆಯಬೇಕು. ಭಾರಿ ದೃಶ್ಯವೈಭವದ ಆಟಗಳಲ್ಲಿ ಅನ್‌ರಿಯಲ್‌ಗಿರುವ ಅನುಕೂಲ ಗೊಡೊಗಿಲ್ಲ. ನಡುವೆ ಎಂಜಿನ್ ಬದಲಿಸುವುದಂತೂ ಸಣ್ಣ ಮಾತಲ್ಲ; ಬರೆದ ಕೋಡ್, ಕೊಂಡ ಸಾಮಗ್ರಿ, ಗಳಿಸಿದ ಪರಿಣತಿ ಬಹುಪಾಲು ಹಿಂದೆ ಉಳಿಯುತ್ತವೆ. ಈ ಅಸಹಾಯಕತೆಯೇ ಎಂಜಿನ್ ಕಂಪನಿಗಳ ನಿಜವಾದ ಬಲ.

ಕರ್ನಾಟಕಕ್ಕೆ ಪಾಠ

ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2024-29ರ ಅವಧಿಗೆ ಹೊಸ ನೀತಿಯೂ ಬಂದಿದೆ. ಇಂತಹ ನೀತಿಗಳಲ್ಲಿ ತರಬೇತಿ, ಪ್ರೋತ್ಸಾಹಧನಗಳ ಮಾತು ಬರುತ್ತದೆ. ಆದರೆ ಕಲಿಸುವುದು ಯಾವ ಎಂಜಿನ್, ಅದರ ಕರಾರು ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮಹತ್ವದ ವಿಚಾರ. ಒಂದೇ ತಂತ್ರಾಂಶದಲ್ಲಿ ಪಳಗಿದ ವಿದ್ಯಾರ್ಥಿ, ಆ ಕಂಪನಿಯ ದರಪಟ್ಟಿಗೂ ಕಟ್ಟುಬೀಳುತ್ತಾನೆ. ವಾಣಿಜ್ಯ ಎಂಜಿನ್ ಜೊತೆಗೆ ಮುಕ್ತ ಎಂಜಿನ್ ಒಂದನ್ನೂ ಪಠ್ಯದಲ್ಲಿ ಸೇರಿಸಲು ಸರ್ಕಾರಕ್ಕಾಗಲಿ, ಕಾಲೇಜುಗಳಿಗಾಗಲಿ ಪರವಾನಗಿಯ ಖರ್ಚು ಇಲ್ಲ.

ಯೂನಿಟಿ ತನ್ನ ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡಿದೆ. ಅನೇಕ ತಂಡಗಳಿಗೆ ಇಂದಿಗೂ ಅದೇ ತಕ್ಕ ಆಯ್ಕೆಯಾಗಿರಬಹುದು. ಆದರೆ ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆ 'ಇಂದು ಎಷ್ಟು ಕೊಡಬೇಕು' ಎಂಬುದಷ್ಟೇ ಅಲ್ಲ. ನಾಳೆ ಕರಾರು ಬದಲಾದರೆ ಹಳೆಯದರಲ್ಲೇ ಉಳಿಯುವ ಹಕ್ಕಿದೆಯೇ, ಹೊರಬೀಳುವ ದಾರಿಯಿದೆಯೇ ಎಂಬುದನ್ನೂ ಕೇಳಬೇಕು. ಮೂರು ವರ್ಷ ದುಡಿದು ಆಟ ಕಟ್ಟುವ ಸಣ್ಣ ತಂಡಕ್ಕೆ ಅಗ್ಗದ ಬಾಡಿಗೆಗಿಂತ ಗಟ್ಟಿಯಾದ ಕರಾರುಪತ್ರವೇ ಹೆಚ್ಚು ಬೆಲೆಯುಳ್ಳದ್ದು.