ಪೌರಸಭೆಯೂ ಅದರ ವಕೀಲರೂ

ಮನೆವಾರ್ತೆಯನ್ನು ನಡೆಯಿಸುವವರಿಗೆ ಕಂದಾಯದ ರಸೀತಿಯೂ ನೀರಿನ ಬಿಲ್ಲೂ ದೀಪದ ಬಿಲ್ಲೂ ಹೊಸವಲ್ಲ. ತಾವು ತೆತ್ತ ಹಣದಲ್ಲಿ ರಸ್ತೆಗೆಷ್ಟು, ಚರಂಡಿಗೆಷ್ಟು, ಬೀದಿಯ ದೀಪಕ್ಕೆಷ್ಟು ಹೋಯಿತೆಂದು ವಿಚಾರಿಸುವ ಗೃಹಸ್ಥರೂ ನಮ್ಮಲ್ಲಿ ಉಂಟು. ಆದರೆ ಅದೇ ಹಣದಲ್ಲಿ ಊರಿನ ವಕೀಲರಿಗೆಷ್ಟು ಸಂದಿತು, ಆ ವಕೀಲರು ಯಾರು, ಅವರಿಗೆ ಬೇರೆ ಯಾವ ಯಾವ ಕಕ್ಷಿಗಾರರಿರುವರು ಎಂದು ಕೇಳಿದವರು ಬಹಳ ವಿರಳ. ಇದು ದೊಡ್ಡವರ ವಿಷಯ, ಕೋರ್ಟು ಕಚೇರಿಯ ವಿಷಯ, ನಮಗೇಕೆಂದು ಸುಮ್ಮನಿರುವುದೇ ವಾಡಿಕೆಯಾಗಿದೆ. ಹಾಗೆ ಸುಮ್ಮನಿರುವುದು ಏಕೆ ಯುಕ್ತವಲ್ಲವೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಪೌರಸಭೆಗೆ ವ್ಯಾಜ್ಯಗಳು ತಪ್ಪಿದ್ದಲ್ಲ. ಒಬ್ಬನು ನಿವೇಶನದ ಗಡಿಯ ಬಗೆಗೆ ದಾವೆ ಹೂಡುವನು. ಇನ್ನೊಬ್ಬನು ಕಟ್ಟಡದ ಪರವಾನಗಿ ದೊರೆಯಲಿಲ್ಲವೆಂದು ಮೊರೆಯಿಡುವನು. ಗುತ್ತಿಗೆದಾರನು ಬಾಕಿಯ ಹಣಕ್ಕಾಗಿಯೂ, ವಜಾ ಆದ ನೌಕರನು ಕೆಲಸಕ್ಕಾಗಿಯೂ ನ್ಯಾಯಾಲಯದ ಮೆಟ್ಟಿಲು ಹತ್ತುವರು. ಇಷ್ಟನ್ನೂ ನೋಡಿಕೊಳ್ಳಲು ಸಂಬಳದ ವಕೀಲರನ್ನಿಟ್ಟುಕೊಳ್ಳುವ ಶಕ್ತಿ ಸಣ್ಣ ಊರುಗಳಿಗಿರುವುದಿಲ್ಲ. ದೊಡ್ಡ ನಗರಗಳಿಗೂ ಕೆಲವು ವ್ಯಾಜ್ಯಗಳಲ್ಲಿ ವಿಶೇಷ ಪಾಂಡಿತ್ಯವುಳ್ಳವರು ಬೇಕಾಗುವರು. ಆದುದರಿಂದ ಹೊರಗಿನ ವಕೀಲರನ್ನು ಫೀಜು ಕೊಟ್ಟು ಗೊತ್ತುಮಾಡಿಕೊಳ್ಳುವುದು ಎಲ್ಲ ಕಡೆಯೂ ನಡೆದು ಬಂದಿರುವ ಪದ್ಧತಿ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಹೊರಗಿನ ವಕೀಲನಿಗೆ ಪೌರಸಭೆಯೊಂದೇ ಕಕ್ಷಿಯಲ್ಲ. ಬೆಳಗ್ಗೆ ಪೌರಸಭೆಯ ಕಾಗದಗಳನ್ನು ನೋಡಿದಾತನ ಬಳಿಗೆ ಸಂಜೆ ಅದೇ ಪೌರಸಭೆಯ ಗುತ್ತಿಗೆದಾರನು ಸಲಹೆ ಕೇಳಲು ಬರಬಹುದು. ಇಬ್ಬರಿಗೂ ಪೂರ್ಣವಾದ ನಿಷ್ಠೆಯನ್ನು ಸಲ್ಲಿಸುವುದು ಎಂಥ ಬುದ್ಧಿವಂತನಿಗೂ ಅಸಾಧ್ಯ. ಇದಕ್ಕೆ ಹಿತವಿರೋಧವೆಂದು ಹೆಸರು. ಸಜ್ಜನನಾದ ವಕೀಲನೂ ಈ ಇಕ್ಕಟ್ಟಿಗೆ ಸಿಕ್ಕಬಹುದು. ಸಿಕ್ಕಿದ ಮಾತ್ರಕ್ಕೆ ಅವನು ದೋಷಿಯಾಗುವುದಿಲ್ಲ. ಅದನ್ನು ಮುಚ್ಚಿಟ್ಟನೆ, ತೆರೆದು ಹೇಳಿದನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮುಚ್ಚಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕಾ ದೇಶದ ಲಾಸ್ ಏಂಜಲೀಸ್ ನಗರದ ಪ್ರಕರಣವೊಂದನ್ನು ಹೇಳುತ್ತೇವೆ. ಅದು ಮೊದಲಾದುದು ನಮ್ಮ ನಿಮ್ಮ ಮನೆಗಳಿಗೆ ಬರುವಂಥ ನೀರು ದೀಪಗಳ ಬಿಲ್ಲಿನಿಂದಲೇ.

ಆ ನಗರದ ಸುಮಾರು ೪೦ ಲಕ್ಷ ಜನರಿಗೆ ನೀರನ್ನೂ ವಿದ್ಯುತ್ತನ್ನೂ ಒದಗಿಸುವುದು ನಗರದ್ದೇ ಆದ ಒಂದು ಇಲಾಖೆ. ೨೦೧೩ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಈ ಇಲಾಖೆಯು ಬಿಲ್ಲು ತಯಾರಿಸುವ ಹೊಸ ಕಂಪ್ಯೂಟರ್ ಏರ್ಪಾಡನ್ನು ಜಾರಿಗೆ ತಂದಿತು. ಏರ್ಪಾಡು ಕೆಟ್ಟು, ಅಸಂಖ್ಯ ಮನೆಗಳಿಗೆ ಬಳಸಿದುದಕ್ಕಿಂತ ಹೆಚ್ಚಿನ ಬಿಲ್ಲುಗಳು ಹೋದವು. ಹೀಗೆ ಪೆಟ್ಟು ತಿಂದ ಗಿರಾಕಿಗಳಲ್ಲೊಬ್ಬನು ನ್ಯಾಯ ಪಡೆಯಲು ಪಾಲ್ ಪ್ಯಾರಡಿಸ್ ಎಂಬ ವಕೀಲನನ್ನು ಗೊತ್ತುಮಾಡಿಕೊಂಡನು. ಇತ್ತ ನಗರವು, ಆ ಏರ್ಪಾಡಿನ ಕೆಲಸವನ್ನು ವಹಿಸಿಕೊಂಡಿದ್ದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಎಂಬ ಕಂಪೆನಿಯ ಮೇಲೆ ನಷ್ಟಕ್ಕಾಗಿ ದಾವೆ ಹೂಡಲು ಹೊರಗಿನ ವಕೀಲರನ್ನು ನೇಮಿಸಿತು. ನೇಮಕವಾದವರಲ್ಲಿ ಅದೇ ಪ್ಯಾರಡಿಸನೂ ಒಬ್ಬನು!

ಇನ್ನು ಗಿರಾಕಿಯ ದಾವೆಯ ಗತಿಯೇನು? ಪ್ಯಾರಡಿಸನು ಓಹಾಯೋ ಪ್ರಾಂತದ ತನ್ನ ಪರಿಚಯದ ವಕೀಲನೊಬ್ಬನನ್ನು ಮುಂದೆ ನಿಲ್ಲಿಸಿದನು. ೨೦೧೫ನೆಯ ಇಸವಿಯ ಏಪ್ರಿಲಿನಲ್ಲಿ ಆ ವಕೀಲನ ಹೆಸರಿನಲ್ಲಿ ನಗರದ ಮೇಲೆ ದಾವೆ ದಾಖಲಾಯಿತು. ಅದನ್ನು ಬರೆದುಕೊಟ್ಟವನು ನಗರದ ವಕೀಲನಾಗಿದ್ದ ಪ್ಯಾರಡಿಸ್. ವಾದಿಯ ಲೇಖನಿಯೂ ಪ್ರತಿವಾದಿಯ ನಾಲಗೆಯೂ ಒಬ್ಬನವೇ ಆದವು. ತಾನು ನಂಬಿದ ವಕೀಲನು ಎದುರುಕಕ್ಷಿಯ ವಕೀಲನೂ ಆಗಿರುವನೆಂಬುದು ಆ ಗಿರಾಕಿಗೆ ತಿಳಿದಿರಲಿಲ್ಲ. ಸಂಗತಿಯು ನಗರದ ವಕೀಲ ಕಚೇರಿಯ ಕೆಲವರಿಗೆ ಗೊತ್ತಿದ್ದಿತೆಂದೂ, ವ್ಯಾಜ್ಯವು ನಗರಕ್ಕೆ ಅನುಕೂಲವಾಗಿ ಬೇಗನೆ ತೀರಲೆಂಬುದೇ ಅದರ ಉದ್ದೇಶವೆಂದೂ ಪ್ಯಾರಡಿಸನು ಮುಂದೆ ತನ್ನ ತಪ್ಪೊಪ್ಪಿಗೆಯಲ್ಲಿ ಹೇಳಿದನು.

ರಾಜಿಯಾಯಿತು. ೨೦೧೭ನೆಯ ಇಸವಿಯಲ್ಲಿ ನ್ಯಾಯಾಲಯವು ಅಂಗೀಕರಿಸಿದ ಆ ರಾಜಿಯ ಮೊತ್ತ ೬ ಕೋಟಿ ೭೦ ಲಕ್ಷ ಡಾಲರು. ಗಿರಾಕಿಗಳ ಪರ ನಿಂತ ವಕೀಲನಿಗೆ ಸಂದ ಫೀಜಿನಿಂದ ಸುಮಾರು ೨೨ ಲಕ್ಷ ಡಾಲರು ಗುಟ್ಟಾಗಿ ಪ್ಯಾರಡಿಸನ ಕೈ ಸೇರಿತು. ಅದೇ ವರ್ಷ ಅವನ ಕಂಪೆನಿಯೊಂದಕ್ಕೆ ೩ ಕೋಟಿ ಡಾಲರಿನ ಕಂಟ್ರಾಕ್ಟು ಟೆಂಡರಿಲ್ಲದೆ ದೊರೆಯಿತು. ಅದಕ್ಕೆ ನೆರವಾದ ಇಲಾಖೆಯ ಮುಖ್ಯಾಧಿಕಾರಿ ಡೇವಿಡ್ ರೈಟನಿಗೆ, ಸರಕಾರೀ ಕೆಲಸ ಬಿಟ್ಟ ಬಳಿಕ ಆ ಕಂಪೆನಿಯಲ್ಲಿ ವರ್ಷಕ್ಕೆ ೧೦ ಲಕ್ಷ ಡಾಲರು ಸಂಬಳದ ಹುದ್ದೆ ಕೊಡುವುದಾಗಿ ಗುಪ್ತ ವಚನವಾಗಿದ್ದಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಎದುರುಕಕ್ಷಿಯಾದ ಕಂಪೆನಿಯ ವಕೀಲರು ಕಾಗದಪತ್ರಗಳನ್ನು ಬಿಡದೆ ಕೇಳುತ್ತ ಹೋದಂತೆ ಗುಟ್ಟು ಹೊರಬಿದ್ದಿತು. ೨೦೧೯ನೆಯ ಇಸವಿಯ ಜುಲೈನಲ್ಲಿ ಆ ದೇಶದ ಕೇಂದ್ರ ತನಿಖಾ ಸಂಸ್ಥೆಯವರು ಕಚೇರಿಗಳನ್ನು ಶೋಧಿಸಿದರು. ೨೦೨೨ರಲ್ಲಿ ರೈಟನಿಗೆ ೬ ವರ್ಷಗಳ, ೨೦೨೩ರಲ್ಲಿ ಪ್ಯಾರಡಿಸನಿಗೆ ೩೩ ತಿಂಗಳ ಸೆರೆಮನೆ ವಾಸದ ಶಿಕ್ಷೆಯಾಯಿತು. ನಗರದ ವಕೀಲ ಕಚೇರಿಯಲ್ಲಿ ಸಿವಿಲ್ ವ್ಯಾಜ್ಯಗಳ ಮುಖ್ಯಸ್ಥನಾಗಿದ್ದವನೂ, ಗುಟ್ಟನ್ನು ಬಯಲಿಗೆಳೆಯುವೆನೆಂದು ಬೆದರಿಸಿದವರ ಬಾಯಿಯನ್ನು ಹಣದಿಂದ ಮುಚ್ಚಿಸಿದ ಸಂಬಂಧದಲ್ಲಿ ತಪ್ಪೊಪ್ಪಿಕೊಂಡನು. ಕಂಪೆನಿಯ ಮೇಲೆ ಹೂಡಿದ್ದ ದಾವೆಯನ್ನು ನಗರವು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡಿತು. ಆ ದಾವೆಯಲ್ಲಿ ಕಾಗದಪತ್ರಗಳನ್ನು ಮರೆಮಾಡಿದುದಕ್ಕಾಗಿ ಕೆಳಗಿನ ನ್ಯಾಯಾಲಯವು ನಗರದ ಮೇಲೆ ೨೫ ಲಕ್ಷ ಡಾಲರು ಹೊರಿಸಿದ್ದಿತು. ಹಾಗೆ ಹೊರಿಸುವ ಅಧಿಕಾರವು ನ್ಯಾಯಾಲಯಕ್ಕುಂಟೆಂದು ೨೦೨೪ನೆಯ ಇಸವಿಯ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಇಷ್ಟೆಲ್ಲ ಅನರ್ಥವನ್ನು ಮೊದಲ ದಿನದ ಒಂದು ಕಾಗದವು ತಪ್ಪಿಸಬಹುದಾಗಿದ್ದಿತು. “ಇದೇ ಬಿಲ್ಲುಗಳ ವಿಷಯದಲ್ಲಿ ನಗರದ ಮೇಲೆ ದೂರು ಹೊತ್ತು ಬಂದ ಕಕ್ಷಿಗಾರನೊಬ್ಬನು ನನಗಿರುವನು” ಎಂದು ವಕೀಲನು ಬರೆಯಬೇಕಾಗಿದ್ದಿತು. “ಹಾಗಾದರೆ ನೀವು ನಮ್ಮ ವಕೀಲರಾಗಲಾರಿರಿ” ಎಂದು ನಗರವು ಉತ್ತರಿಸಬೇಕಾಗಿದ್ದಿತು. ಕಾಗದವಿಲ್ಲದುದರ ಬೆಲೆಯನ್ನು ತೆತ್ತವರು ಯಾರು? ಹೆಚ್ಚಿನ ಬಿಲ್ಲು ಬಂದಿತೆಂದು ಮೊದಲು ಗೋಳಾಡಿದ ಗೃಹಸ್ಥರೇ. ನಗರದ ಬೊಕ್ಕಸಕ್ಕೆ ಬೇರೆ ಬಾವಿಯಿಲ್ಲ.

ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ಸಂಗತಿಯು ಈ ಕಾಗದ ಹೇಗಿರಬೇಕೆಂಬುದನ್ನು ತೋರಿಸುತ್ತದೆ. ಸೌತ್ ಟಾಹೋ ಎಂಬ ಊರಿನ ನೀರು ಚರಂಡಿಗಳ ಸಾರ್ವಜನಿಕ ಸಂಸ್ಥೆಯೂ ಇತರ ಕೆಲವು ಸಂಸ್ಥೆಗಳೂ ಕೊಳವೆ ತಯಾರಿಸುವ ಕಂಪೆನಿಯೊಂದರ ಮೇಲೆ ವ್ಯಾಜ್ಯ ಹೂಡಿದ್ದವು. ಕಂಪೆನಿಯ ಪರವಾಗಿ ನಿಂತ ದೊಡ್ಡ ವಕೀಲ ಮಂಡಲಿಯೇ ಆ ಊರಿನ ಸಂಸ್ಥೆಗೆ ನೌಕರರ ವಿಷಯಗಳಲ್ಲಿ ಸಲಹೆ ಕೊಡುತ್ತಿದ್ದಿತು. ಮುಂದೆ ಯಾವ ಹಿತವಿರೋಧ ಬಂದರೂ ಒಪ್ಪಿಗೆಯಿದೆಯೆಂದು ಇಬ್ಬರಿಂದಲೂ ಮೊದಲೇ ರುಜು ಮಾಡಿಸಿಕೊಂಡಿದ್ದೇವಲ್ಲ ಎಂಬುದು ವಕೀಲರ ಸಮಾಧಾನ. ೨೦೧೮ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಇರುವ ವಿರೋಧವನ್ನು ಬಿಡಿಸಿ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಹೇಳಿ, ಕಂಪೆನಿಯೊಡನೆ ಮಾಡಿಕೊಂಡ ಕರಾರನ್ನೇ ಅಸಿಂಧುವೆಂದಿತು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಹುಕಾರನನ್ನು ಬಲ್ಲ ನಮ್ಮ ಜನರಿಗೆ ಈ ತೀರ್ಪಿನ ನ್ಯಾಯವನ್ನು ವಿವರಿಸಬೇಕಾಗಿಲ್ಲ.

ಹಿತವಿರೋಧವು ಫೀಜಿನ ಮೂಲಕವೂ ಒಳಹೊಗುವುದುಂಟು. ಕೊರೋನಾ ಎಂಬ ಪಟ್ಟಣವು ಪುಸ್ತಕದಂಗಡಿಯೊಂದನ್ನು ಮುಚ್ಚಿಸಲು ಗೊತ್ತುಮಾಡಿದ ವಕೀಲನಿಗೆ ಗೆದ್ದರೆ ಗಂಟೆಗೆ ೬೦ ಡಾಲರು, ಸೋತರೆ ೩೦ ಡಾಲರು ಎಂದು ಕರಾರಾಗಿದ್ದಿತು. ಸಾರ್ವಜನಿಕರ ಹೆಸರಿನಲ್ಲಿ ನಿಲ್ಲುವವನಿಗೆ ಗೆಲವಿನಲ್ಲಿ ಸ್ವಂತ ಲಾಭವಿರಕೂಡದು, ಅವನು ನ್ಯಾಯವನ್ನು ತೂಗಿ ನಡೆಯಬೇಕು ಎಂದು ೧೯೮೫ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ೨೦೧೦ರಲ್ಲಿ ಇದೇ ನ್ಯಾಯಾಲಯವು ನಿಯಮವನ್ನು ಸ್ವಲ್ಪ ಸಡಿಲಿಸಿದರೂ, ವ್ಯಾಜ್ಯದ ಲಗಾಮು ಸರಕಾರದ ಸ್ವಂತ ವಕೀಲರ ಕೈಯಲ್ಲಿಯೇ ಇರಬೇಕು, ರಾಜಿಯ ನಿರ್ಧಾರವೂ ಅವರದೇ ಆಗಿರಬೇಕು ಎಂದು ವಿಧಿಸಿತು.

ನಮ್ಮ ದೇಶದಲ್ಲಿ ವಿಧಿಗಳಿಲ್ಲವೆಂದು ಯಾರೂ ಭಾವಿಸಬಾರದು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಕರ್ನಾಟಕದ ವಕೀಲರಿಗೂ ಅನ್ವಯಿಸುತ್ತವೆ. ಎದುರುಕಕ್ಷಿಯೊಡನೆ ತನಗಿರುವ ಸಂಬಂಧವನ್ನೂ, ವ್ಯಾಜ್ಯದಲ್ಲಿ ತನಗಿರುವ ಆಸಕ್ತಿಯನ್ನೂ ಕಕ್ಷಿಗಾರನಿಗೆ ಮೊದಲೇ ಪೂರ್ಣವಾಗಿ ತಿಳಿಸಬೇಕು; ಒಂದು ವಿಷಯದಲ್ಲಿ ಒಬ್ಬನಿಗೆ ಸಲಹೆಯಿತ್ತ ಮೇಲೆ ಅದೇ ವಿಷಯದಲ್ಲಿ ಎದುರಾಳಿಯ ಪರವಾಗಿ ನಿಲ್ಲಕೂಡದು; ಫಲಿತಾಂಶದ ಮೇಲೆ ಹೊಂದಿಕೊಂಡ ಫೀಜನ್ನು ಗೊತ್ತುಮಾಡಿಕೊಳ್ಳಕೂಡದು. ವಕೀಲರನ್ನು ಮನಬಂದಂತೆ ನೇಮಿಸುವ ಸ್ವಾತಂತ್ರ್ಯ ಸರಕಾರಕ್ಕಿಲ್ಲ, ಆಯ್ಕೆಯು ನ್ಯಾಯವೂ ಸಕಾರಣವೂ ಆಗಿರಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ವಿಷಯವೊಂದರಲ್ಲಿ ೨೦೧೬ನೆಯ ಇಸವಿಯಲ್ಲಿ ಹೇಳಿದೆ. ನಿಯಮಗಳು ಹೀಗಿದ್ದರೂ ಅವು ತಾವಾಗಿಯೇ ನಡೆಯಲಾರವು, ಕೇಳುವವರಿದ್ದರೆ ನಡೆಯುವುವು.

ಇಲ್ಲೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ತಾಲ್ಲೂಕಿನ ಊರಿನಲ್ಲಿರುವ ವಕೀಲರು ಕೆಲವೇ ಮಂದಿ. ಒಬ್ಬರು ಅಧ್ಯಕ್ಷರ ಷಡ್ಡಕರು, ಇನ್ನೊಬ್ಬರು ಗುತ್ತಿಗೆದಾರರ ನೆರೆಮನೆಯವರು, ಮತ್ತೊಬ್ಬರು ಅರ್ಧ ಊರಿನ ಕ್ರಯಪತ್ರಗಳನ್ನು ಬರೆದವರು. ಯಾವ ನಂಟೂ ಇಲ್ಲದವರೇ ಬೇಕೆಂದರೆ ದೂರದ ನಗರದಿಂದ ಕರೆತರಬೇಕಾಗಿ, ಖರ್ಚು ಇಮ್ಮಡಿಯಾಗುವುದು. ಊರಿನ ಸ್ಥಿತಿಗತಿ ಬಲ್ಲವರ ಸೇವೆಯೂ ತಪ್ಪುವುದು. ಇದು ನಿಜವೇ. ಆದುದರಿಂದಲೇ ನಂಟಿರುವವರನ್ನೆಲ್ಲ ದೂರವಿಡಿರೆಂದು ನಾವು ಹೇಳುವುದಿಲ್ಲ. ನಂಟನ್ನು ಬರೆದು ತಿಳಿಸಲಿ. ಸಭೆಯು ಅದನ್ನೋದಿ ನಡವಳಿಕೆಯಲ್ಲಿ ದಾಖಲು ಮಾಡಲಿ. ನಂಟು ತಾಗುವ ವ್ಯಾಜ್ಯವೊಂದನ್ನು ಮಾತ್ರ ಬೇರೆಯವರಿಗೆ ಒಪ್ಪಿಸಲಿ. ನೆಂಟಸ್ತಿಕೆಯುಳ್ಳ ಸದಸ್ಯರು ಆ ಚರ್ಚೆಯ ಹೊತ್ತಿಗೆ ಹೊರಗೆ ಹೋಗಿ ಕುಳಿತರೆ ಅವರ ಮಾನಕ್ಕೆ ಕುಂದಿಲ್ಲ, ಹೆಚ್ಚುವುದೇ ಸರಿ.

ಹಾಗಾದರೆ ಗೃಹಸ್ಥರು ಕೇಳತಕ್ಕದ್ದೇನು? ನಮ್ಮ ಊರಿನ ವಕೀಲರನ್ನು ಆರಿಸಿದವರು ಯಾರು, ಯಾವ ಕ್ರಮದಿಂದ? ಅವರು ತಮ್ಮ ಇತರ ಕಕ್ಷಿಗಾರರ ಬಗೆಗೆ ಪ್ರತಿಯೊಂದು ವ್ಯಾಜ್ಯದಲ್ಲಿಯೂ ಬರೆದುಕೊಟ್ಟಿರುವರೆ? ಫೀಜನ್ನು ಹೇಗೆ ಗೊತ್ತುಮಾಡಲಾಗಿದೆ, ವರ್ಷಕ್ಕೆಷ್ಟು ಸಂದಿದೆ? ರಾಜಿಯಾದಾಗ ಅದನ್ನು ಸಭೆಯ ಮುಂದಿಟ್ಟು ಒಪ್ಪಿಗೆ ಪಡೆದರೆ, ಅಥವಾ ಒಳಗಿಂದೊಳಗೇ ತೀರಿಸಿದರೆ? ವ್ಯಾಜ್ಯದ ಒಳಗುಟ್ಟನ್ನು ವಕೀಲರು ಹೇಳಲಾರರು, ಹೇಳಲೂ ಕೂಡದು. ಆದರೆ ಮೇಲಿನ ಪ್ರಶ್ನೆಗಳಲ್ಲಿ ಒಳಗುಟ್ಟೇನೂ ಇಲ್ಲ. ಪೌರಸಭೆಯ ಕಚೇರಿಯಲ್ಲಿ ಬಾಯಿಮಾತಿನಿಂದ ಕೇಳಬಹುದು. ಅಲ್ಲಿ ಉತ್ತರ ದೊರೆಯದಿದ್ದರೆ ೨೦೦೫ನೆಯ ಇಸವಿಯ ಮಾಹಿತಿ ಹಕ್ಕಿನ ಕಾನೂನಿನ ಮೇರೆಗೆ ಅರ್ಜಿ ಬರೆಯಬಹುದು.

ಮನೆಯ ಕ್ರಯಪತ್ರ ಬರೆಸುವಾಗ ನಾವು, ಈ ವಕೀಲರು ಮಾರುವವರ ಕಡೆಯವರೋ ಕೊಳ್ಳುವವರ ಕಡೆಯವರೋ ಎಂದು ವಿಚಾರಿಸದೆ ರುಜು ಮಾಡುವುದಿಲ್ಲ. ಸ್ವಂತ ಗಂಟಿನ ಮೇಲಿರುವ ಆ ಎಚ್ಚರಿಕೆಯು ಊರ ಗಂಟಿನ ಮೇಲೂ ಇರಲಿ. ಸತ್ಯವಂತರಾದ ವಕೀಲರು ಇದರಿಂದ ನೊಂದುಕೊಳ್ಳುವುದಿಲ್ಲ. ಕೇಳುವ ಮೊದಲೇ ಬರೆದುಕೊಡುವವರು ಅವರೇ.